ಜೂಜುಕಟ್ಟೆ ದರೋಡೆ: ನಗಿಸುವ ವಂಚಕರು ಮತ್ತು ಗುಜರಾತಿನ ನಕಲಿ ಕಣಗಳು

ಕ್ಯಾಸಿನೊ ಅಥವಾ ಜೂಜಿನ ಅಡ್ಡೆಯ ಹಣವನ್ನು ಯಾರ ಮೈಗೂ ಗಾಯವಾಗದಂತೆ ವೇಷ, ಮಾತು, ಲೆಕ್ಕಾಚಾರ, ಕೈಚಳಕಗಳಿಂದ ಹಾರಿಸಿಕೊಂಡು ಹೋಗುವ ಕೃತ್ಯಕ್ಕೂ, ಅದನ್ನು ಹೇಳುವ ಕಥೆ, ನಾಟಕ, ಸಿನಿಮಾಗಳಿಗೂ ಒಟ್ಟಾಗಿ ಜೂಜುಕಟ್ಟೆ ದರೋಡೆ ಎಂಬ ಹೆಸರು ಸಲ್ಲುತ್ತದೆ. ಪಾತ್ರಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಯೋಜನೆ ಹೂಡುವ ಹಿರಿಯ, ಬೀಗದ ಮರ್ಮ ಬಲ್ಲವ, ಯಾರ ದನಿಯನ್ನಾದರೂ ಅನುಕರಿಸಬಲ್ಲವ, ಕೊನೆಯ ಗಳಿಗೆಯಲ್ಲಿ ಕೈಕೊಟ್ಟಂತೆ ನಟಿಸುವವ. ಕಾನೂನಿನ ಲೆಕ್ಕದಲ್ಲಿ ಇವರು ಕಳ್ಳರು. ಆದರೂ ಓದುಗರ, ನೋಡುಗರ ಮನಸ್ಸು ಇವರ ಕಡೆಗೇ ವಾಲುತ್ತದೆ. ಆ ಒಲವು ಎಲ್ಲಿಂದ ಬರುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದೇ ಈ ವಿಷಯದ ತಿರುಳು.

ಗುಜರಾತಿನಲ್ಲಿ ಪರವಾನಗಿ ಪಡೆದ ಕ್ಯಾಸಿನೊ ಒಂದೂ ಇಲ್ಲ. ದೋಚುವುದಕ್ಕೆ ಕ್ಯಾಸಿನೊ ಇಲ್ಲದ ಈ ರಾಜ್ಯದಲ್ಲಿ 2022ರಲ್ಲಿ ಕೆಲವರು ಹೊಲವೊಂದರಲ್ಲಿ ಜೂಜಿನ ಕಣವನ್ನೇ ಕಟ್ಟಿ, ರಷ್ಯಾದಲ್ಲಿ ಕುಳಿತು ಬಾಜಿ ಕಟ್ಟುವವರಿಗೆ ಟೋಪಿ ಹಾಕಿದರು. ಜೂಜುಕಟ್ಟೆ ದರೋಡೆಗೆ ಭಾರತದಲ್ಲಿ ಸಿಗುವ ಅತಿ ಹತ್ತಿರದ ನಿಜಘಟನೆ ಅದು. 

ಜೂಜುಕಟ್ಟೆಯ ಲೆಕ್ಕ

ಕ್ಯಾಸಿನೊ ಗೆಲ್ಲುವುದು ಅದೃಷ್ಟದಿಂದಲ್ಲ, ಭಾಗಾಕಾರದಿಂದ. ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ ಹಣ ಇಟ್ಟು ಗೆದ್ದವರಿಗೆ ಸಿಗುವುದು 35 ಪಟ್ಟು. ಆ ಸಣ್ಣ ಕೊರತೆಯೇ ಕ್ಯಾಸಿನೊ ನಡೆಸುವವರ ಪಾಲು. ಇಟ್ಟ ಪ್ರತಿ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಅವರಿಗೆ ಉಳಿಯುತ್ತದೆ. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆಗಳಿರುವುದರಿಂದ ಅದು 5 ರೂಪಾಯಿ 26 ಪೈಸೆಗೆ ಏರುತ್ತದೆ. ಕರ್ನಾಟಕದ ಪೊಲೀಸ್ ಠಾಣೆಗಳ ದೂರುಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಅಂದರ್ ಬಾಹರ್ ಆಟದಲ್ಲೂ ಮೊದಲ ಎಲೆ ಬೀಳುವ ಬದಿ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 51.5. ಒಂದು ರಾತ್ರಿ ಯಾರಾದರೂ ಗೆಲ್ಲಬಹುದು. ಒಂದು ವರ್ಷದ ಲೆಕ್ಕದಲ್ಲಿ ಗೆಲ್ಲುವುದು ಆಟ ನಡೆಸುವವರು ಮಾತ್ರ.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಅವನು ತೆಗೆದುಕೊಳ್ಳಬೇಕೆನ್ನುತ್ತದೆ. ಜೂಜು ಗೊತ್ತಾದ ಒಂದೇ ಕಡೆ ನಡೆಯಬೇಕು, ಕಳ್ಳತನದಿಂದ ಬದುಕುವವರನ್ನು ಗುರುತಿಸಲು ಅದರಿಂದ ಅನುಕೂಲ ಎಂಬ ಕಾರಣವನ್ನೂ ಕೊಡುತ್ತದೆ. ಜೂಜುಕಟ್ಟೆಗೆ ಕಳ್ಳ ಬಂದೇ ಬರುತ್ತಾನೆ ಎಂಬುದು ಆ ಕಾಲಕ್ಕೇ ಆಡಳಿತ ಬಲ್ಲ ಸಂಗತಿ.

ಜನರು ಇಂಥ ಕಳ್ಳನನ್ನು ಕ್ಷಮಿಸುವುದಕ್ಕೆ ಈ ಲೆಕ್ಕವೇ ಕಾರಣ. ಬ್ಯಾಂಕ್ ದರೋಡೆಯಲ್ಲಿ ಹೋಗುವುದು ಯಾರದೋ ಮಗಳ ಮದುವೆಗೆ ಇಟ್ಟ ದುಡ್ಡು. ಕ್ಯಾಸಿನೊ ದರೋಡೆಯಲ್ಲಿ ಹೋಗುವುದು ಈಗಾಗಲೇ ಸಾವಿರ ಜನ ಸೋತ ದುಡ್ಡು. ಮೊದಲೇ ಎಲ್ಲರ ಜೇಬು ಹಗುರ ಮಾಡಿದವನ ಜೇಬು ಹಗುರಾಯಿತು ಎಂಬ ಸಮಾಧಾನ ಕಥೆಗೆ ನಗುವನ್ನು ತರುತ್ತದೆ. ಕಳೆದುಕೊಳ್ಳುವವರು ಬದಲಾದ ಕೂಡಲೇ ಆ ನಗು ಉಳಿಯುವುದಿಲ್ಲ.

ಹಳೆಯ ಕಥೆಗಳು

ಜೂಜಿನ ಮೋಸಕ್ಕೆಂದೇ ಕಟ್ಟಡ ಕಟ್ಟಿದ ಅತಿ ಪ್ರಸಿದ್ಧ ಉದಾಹರಣೆ ಮಹಾಭಾರತದ ಸಭಾಪರ್ವದ್ದು. ಪಾಂಡವರನ್ನು ಪಗಡೆಗೆ ಕರೆಯುವ ಮುನ್ನ ಧೃತರಾಷ್ಟ್ರ ಸಾವಿರ ಕಂಬಗಳ, ನೂರು ಬಾಗಿಲುಗಳ ಹೊಸ ಸಭೆಯೊಂದನ್ನು ಕಟ್ಟಿಸುತ್ತಾನೆ. ಅದನ್ನು ನೋಡಲು ಬನ್ನಿ ಎಂಬ ನೆಪದಲ್ಲೇ ಧರ್ಮರಾಯನಿಗೆ ಆಹ್ವಾನ ಹೋಗುತ್ತದೆ. ದಾಳ ಶಕುನಿಯ ಕೈಯಲ್ಲಿದ್ದರೂ ಮೋಸ ಶುರುವಾಗುವುದು ಆ ಕಟ್ಟಡದಿಂದ. ಕುಮಾರವ್ಯಾಸನ ಗದುಗಿನ ಭಾರತದ ಮೂಲಕ ಈ ಪ್ರಸಂಗ ಕನ್ನಡದ ಹಳ್ಳಿಹಳ್ಳಿಯ ಗಮಕದಲ್ಲಿ, ಯಕ್ಷಗಾನದಲ್ಲಿ, ತಾಳಮದ್ದಳೆಯಲ್ಲಿ ಉಳಿದುಬಂದಿದೆ. ಇಲ್ಲಿ ಯಾರೂ ನಗುವುದಿಲ್ಲ. ಕಳೆದುಕೊಂಡವರು ರಾಜ್ಯವನ್ನು, ಮಾನವನ್ನು ಕಳೆದುಕೊಂಡರು.

ನಗು ಇರುವುದು ಶೂದ್ರಕನ ಮೃಚ್ಛಕಟಿಕದಲ್ಲಿ. ಹತ್ತು ಚಿನ್ನದ ನಾಣ್ಯ ಸೋತ ಸಂವಾಹಕ ಜೂಜುಕಟ್ಟೆಯ ಯಜಮಾನ ಮಾಥುರನಿಂದ ತಪ್ಪಿಸಿಕೊಂಡು ಓಡಿ, ವಿಗ್ರಹವಿಲ್ಲದ ಗುಡಿಯೊಂದಕ್ಕೆ ಹಿಂದುಹಿಂದಾಗಿ ನಡೆದು ಹೊಕ್ಕು, ತಾನೇ ದೇವರ ಮೂರ್ತಿಯಾಗಿ ನಿಂತುಬಿಡುತ್ತಾನೆ. ಹಿಂದೆ ಬಂದವರು ಅನುಮಾನಪಟ್ಟು ಅವನೆದುರೇ ದಾಳ ಹಾಕಿ ಆಡತೊಡಗುತ್ತಾರೆ. ದಾಳದ ಸದ್ದಿಗೆ ಮೂರ್ತಿಯ ಮನಸ್ಸು ಕದಲುತ್ತದೆ. ಸರದಿ ನನ್ನದೆಂದು ಬಾಯಿಬಿಟ್ಟು ಸಿಕ್ಕಿಬೀಳುತ್ತಾನೆ. ಅದೇ ನಾಟಕದ ಶರ್ವಿಲಕ ಕನ್ನ ಕೊರೆಯುವುದನ್ನು ಶಾಸ್ತ್ರವೆಂದು ತಿಳಿದವನು. ಅಳತೆಯ ದಾರ ಮರೆತುಬಂದದ್ದಕ್ಕೆ ಜನಿವಾರದಿಂದಲೇ ಗೋಡೆ ಅಳೆಯುತ್ತಾನೆ. ಗಿರೀಶ ಕಾರ್ನಾಡರು 1984ರಲ್ಲಿ ನಿರ್ದೇಶಿಸಿದ ಹಿಂದಿ ಚಿತ್ರ ‘ಉತ್ಸವ್’ ಈ ನಾಟಕವನ್ನು ಆಧರಿಸಿದ್ದು.

ಇಂದಿನ ಕ್ಯಾಸಿನೊ ದರೋಡೆಯ ಸಿನಿಮಾಗಳಿಗೆ ನಿಜವಾದ ಪೂರ್ವಜ ದಂಡಿಯ ದಶಕುಮಾರಚರಿತದ ಅಪಹಾರವರ್ಮ. ಚಂಪಾನಗರದ ಜೂಜುಕಟ್ಟೆಗೆ ಹೋಗಿ, ಆಟಗಾರನೊಬ್ಬ ಕಾಯಿ ನಡೆಸಿದ ತಪ್ಪಿಗೆ ನಕ್ಕು, ಆ ನಗುವಿನಿಂದ ಹುಟ್ಟಿದ ಸವಾಲನ್ನು ಸ್ವೀಕರಿಸಿ ಹದಿನಾರು ಸಾವಿರ ದೀನಾರ ಗೆಲ್ಲುತ್ತಾನೆ. ಅರ್ಧವನ್ನು ಕಟ್ಟೆಯ ಯಜಮಾನನಿಗೂ ಸಭೆಯವರಿಗೂ ಹಂಚಿಬಿಡುತ್ತಾನೆ. ಮುಂದೆ ಅದೇ ಊರಿನ ಜಿಪುಣರ ಮನೆಗಳಿಗೆ ಕನ್ನ ಹಾಕಿ, ಸಂಪತ್ತು ಶಾಶ್ವತವಲ್ಲವೆಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡುತ್ತಾನೆ. ಕಳ್ಳ ಬುದ್ಧಿವಂತನಾಗಿರಬೇಕು, ಉದಾರಿಯಾಗಿರಬೇಕು, ಕಳೆದುಕೊಳ್ಳುವವನು ಲೋಭಿಯಾಗಿರಬೇಕು ಎಂಬ ಮೂರು ಕಟ್ಟಳೆಗಳೂ ಇಲ್ಲಿ ಸಿದ್ಧವಾಗಿವೆ. ಚೌಂಡರಸ ಇದನ್ನು ‘ಅಭಿನವ ದಶಕುಮಾರ ಚರಿತೆ’ಯೆಂಬ ಚಂಪೂಕಾವ್ಯವಾಗಿ ಕನ್ನಡಕ್ಕೆ ತಂದ. ಕನ್ನಡಿಗರಿಗೆ ಈ ಬಗೆಯ ನಾಯಕ ಹಾಲಿವುಡ್‌ನಿಂದ ಬಂದವನಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಾಂಟೆ ಕಾರ್ಲೊ, ಲಾಸ್ ವೇಗಸ್

ಯುರೋಪಿನಲ್ಲಿ ಈ ಕಥೆಗಳ ತವರು ಮಾಂಟೆ ಕಾರ್ಲೊ. 1891ರಲ್ಲಿ ಅಲ್ಲಿ ಚಾರ್ಲ್ಸ್ ವೆಲ್ಸ್ ಎಂಬ ಇಂಗ್ಲೆಂಡಿನವನು ಒಂದರ ಮೇಲೊಂದು ಆಟ ಗೆದ್ದು ಮೇಜಿನ ಮೇಲಿದ್ದ ಹಣವನ್ನೆಲ್ಲ ಖಾಲಿ ಮಾಡಿದ. ಅವನ ಮೇಲೆ ಕಟ್ಟಿದ ಹಾಡು ಲಂಡನ್ನಿನ ಸಂಗೀತ ಸಭಾಂಗಣಗಳಲ್ಲಿ ಮನೆಮಾತಾಯಿತು. ಊರಿನಲ್ಲಿ ಅವನ ಕಸುಬೇ ಬೇರೆ: ಉಗಿಯಂತ್ರದ ಇಂಧನ ಉಳಿಸುವ ಸಾಧನ ಕಂಡುಹಿಡಿದಿದ್ದೇನೆಂದು ಹೇಳಿ ಜನರಿಂದ ಬಂಡವಾಳ ಎತ್ತುವುದು. ಆ ವಂಚನೆಗೆ 1893ರಲ್ಲಿ ಎಂಟು ವರ್ಷ ಶಿಕ್ಷೆಯಾಯಿತು. ಇವನಿಗಿಂತ ಮೊದಲು ಯಾರ್ಕ್‌ಷೈರಿನ ಬಟ್ಟೆ ಗಿರಣಿಗಳಲ್ಲಿ ಪಳಗಿದ್ದ ಜೋಸೆಫ್ ಜಾಗರ್, ತಿರುಗುವ ಯಂತ್ರ ಯಾವುದೂ ಪೂರಾ ಸಮವಾಗಿರುವುದಿಲ್ಲವೆಂಬ ಗಿರಣಿಯ ಅನುಭವವನ್ನು ರೂಲೆಟ್ ಚಕ್ರಕ್ಕೆ ಒಡ್ಡಿದ್ದ. ಒಂದು ಚಕ್ರದಲ್ಲಿ ಕೆಲವು ಸಂಖ್ಯೆಗಳು ಹೆಚ್ಚು ಬೀಳುವುದನ್ನು ಬರೆದಿಟ್ಟುಕೊಂಡು ದೊಡ್ಡ ಮೊತ್ತ ಗೆದ್ದ. ಅದರಲ್ಲಿ ಮೋಸವೇನೂ ಇರಲಿಲ್ಲ.

ಜಾಗರ್‌ನ ದಾರಿಯಲ್ಲೇ ಮುಂದೆ ವಿಜ್ಞಾನಿಗಳು ನಡೆದರು. ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ 1961ರಲ್ಲಿ ರೂಲೆಟ್ ಚೆಂಡಿನ ಗತಿಯನ್ನು ಅಂದಾಜಿಸುವ, ಮೈಮೇಲೆ ಧರಿಸಬಹುದಾದ ಪುಟ್ಟ ಕಂಪ್ಯೂಟರನ್ನು ತಯಾರಿಸಿ ಲಾಸ್ ವೇಗಸ್‌ನಲ್ಲಿ ಪರೀಕ್ಷಿಸಿದರು. ನೆವಾಡ ರಾಜ್ಯ ಇಂಥ ಸಾಧನಗಳನ್ನು 1985ರಲ್ಲಿ ನಿಷೇಧಿಸಿತು. 2004ರಲ್ಲಿ ಲಂಡನ್ನಿನ ರಿಟ್ಜ್ ಕ್ಯಾಸಿನೊದಲ್ಲಿ ಲೇಸರ್ ಸಾಧನದ ನೆರವಿನಿಂದ ಮೂವರು ಸುಮಾರು 13 ಲಕ್ಷ ಪೌಂಡ್ ಗೆದ್ದರೆಂಬ ಶಂಕೆ ಮೂಡಿತು. ಚಕ್ರವನ್ನು ಅವರು ಮುಟ್ಟಿರಲಿಲ್ಲವಾದ್ದರಿಂದ ಮೊಕದ್ದಮೆ ನಿಲ್ಲಲಿಲ್ಲ. ಹಣವೂ ಅವರಿಗೇ ಉಳಿಯಿತು.

ಸಿನಿಮಾದವರಿಗೆ ಬೇಕಾದ ರಮ್ಯತೆ ನಿಜ ಪ್ರಕರಣಗಳಲ್ಲಿ ಕಡಿಮೆ. 1992ರಲ್ಲಿ ಲಾಸ್ ವೇಗಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೊದ ಕ್ಯಾಷಿಯರ್ ಒಬ್ಬ ಸುಮಾರು ಐದು ಲಕ್ಷ ಡಾಲರ್ ಚೀಲಕ್ಕೆ ತುಂಬಿಕೊಂಡು ಬಾಗಿಲಿನಿಂದಲೇ ಹೊರನಡೆದ, ಮತ್ತೆ ಸಿಗಲಿಲ್ಲ. ಅದರಲ್ಲಿ ತಂಡವಿಲ್ಲ, ವೇಷವಿಲ್ಲ, ಸಂಭಾಷಣೆಯಿಲ್ಲ. ಅದೆಲ್ಲವನ್ನೂ ಒದಗಿಸಿದ್ದು 1960ರ ‘ಓಷನ್ಸ್ ಇಲೆವೆನ್’ ಮತ್ತು ಸ್ಟೀವನ್ ಸೋಡರ್‌ಬರ್ಗ್ 2001ರಲ್ಲಿ ಮಾಡಿದ ಅದರ ಹೊಸ ರೂಪ. ಇವೆರಡಕ್ಕೂ ಮೊದಲು, 1956ರಲ್ಲಿ, ಫ್ರಾನ್ಸಿನ ಜ್ಯಾಂ ಪಿಯೇರ್ ಮೆಲ್ವಿಲ್ ತೆಗೆದ ‘ಬಾಬ್ ಲೆ ಫ್ಲಾಂಬರ್’ನಲ್ಲಿ ಕ್ಯಾಸಿನೊ ದೋಚಲು ಹೋದ ಮುದಿ ಜೂಜುಗಾರ ಮೇಜಿನಲ್ಲಿ ಗೆಲ್ಲುತ್ತಾ ಹೋಗಿ ದರೋಡೆಯ ವೇಳೆಯನ್ನೇ ಮರೆತುಬಿಡುತ್ತಾನೆ. ಸಂವಾಹಕನಿಗೆ ದಾಳದ ಸದ್ದು ಮಾಡಿದ್ದನ್ನೇ ಬಾಬ್‌ಗೆ ಗೆಲುವು ಮಾಡಿತು. ಈ ಬಗೆಯ ಚಿತ್ರಗಳಲ್ಲಿ ಮನುಷ್ಯನನ್ನು ಇಷ್ಟು ಪ್ರೀತಿಯಿಂದ ನೋಡಿದ್ದು ಇನ್ನೊಂದಿಲ್ಲ.

ಗುಜರಾತಿನ ಪ್ರಕರಣಕ್ಕೆ ಹೆಚ್ಚು ಹತ್ತಿರದ್ದು ಮಾತ್ರ 1973ರ ‘ದಿ ಸ್ಟಿಂಗ್’. ಅದರಲ್ಲಿ ವಂಚಕರು ಶಿಕಾಗೊದಲ್ಲಿ ಕುದುರೆ ಜೂಜಿನ ಒಂದು ನಕಲಿ ಅಂಗಡಿಯನ್ನೇ ತೆರೆಯುತ್ತಾರೆ. ಗುಮಾಸ್ತರು, ಗಿರಾಕಿಗಳು, ವೀಕ್ಷಕ ವಿವರಣೆ ಎಲ್ಲ ನಟನೆ. ನಿಜವಾದ ಗಿರಾಕಿ ಒಬ್ಬನೇ. ಅಮೆರಿಕದ ಮೋಸಗಾರರ ಪರಿಭಾಷೆಯಲ್ಲಿ ಈ ತಂತ್ರಕ್ಕೆ ‘ಬಿಗ್ ಸ್ಟೋರ್’ ಎಂದು ಹೆಸರು. ಭಾಷಾಶಾಸ್ತ್ರಜ್ಞ ಡೇವಿಡ್ ಮಾರರ್ ಆ ಮೋಸಗಾರರ ಒಡನಾಡಿ, ಅವರ ನುಡಿಗಟ್ಟು ಸಂಗ್ರಹಿಸಿ, ತಂತ್ರವನ್ನು 1940ರಲ್ಲಿ ಪುಸ್ತಕವಾಗಿ ವಿವರಿಸಿದ್ದರು.

ಹಜೀರಾ, ದೀವ್ ಮತ್ತು ಒಣ ರಾಜ್ಯ

ಮುಂಬಯಿ ಪ್ರಾಂತ್ಯದಿಂದ ಬಂದ ಎರಡು ಕಾನೂನುಗಳು ಗುಜರಾತಿನ ರಾತ್ರಿಗಳನ್ನು ರೂಪಿಸಿವೆ: 1887ರ ಜೂಜು ತಡೆ ಕಾಯ್ದೆ ಮತ್ತು 1949ರ ಪಾನನಿಷೇಧ ಕಾಯ್ದೆ. 1960ರ ಮೇ 1ರಂದು ರಾಜ್ಯ ಬೇರೆಯಾದ ಮೇಲೂ ಇವೆರಡೂ ಮುಂದುವರಿದವು. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಬಾಜಿ ಮತ್ತು ಜೂಜು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ, ಗಡಿಯಾಚೆ ಬೇರೆಯೇ ನಿಯಮ ಇರಬಹುದು. ಇಲ್ಲಿ ಗಡಿಯಾಚೆ ಇರುವುದು ದಮನ್ ಮತ್ತು ದೀವ್. 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿದ್ದು, ಗೋವಾ ಜೊತೆ ಒಂದೇ ಕೇಂದ್ರಾಡಳಿತ ಪ್ರದೇಶವಾಗಿದ್ದ ಈ ಊರುಗಳಿಗೆ 1976ರ ಗೋವಾ, ದಮನ್ ಮತ್ತು ದೀವ್ ಜೂಜು ಕಾಯ್ದೆಯೇ ಅನ್ವಯ. ಗೋವಾ ಆ ಕಾಯ್ದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಜೂಜು ಯಂತ್ರಗಳಿಗೆ, ಅನಂತರ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅವಕಾಶ ಮಾಡಿಕೊಟ್ಟಿತು. ಪಣಜಿಯ ಮಾಂಡವಿ ನದಿಯಲ್ಲಿ ದೀಪ ಹೊತ್ತಿಸಿಕೊಂಡು ನಿಂತ ಆ ಹಡಗುಗಳನ್ನು ಬೆಳಗಾವಿ, ಹುಬ್ಬಳ್ಳಿ, ಕಾರವಾರದವರಿಗೆ ಪರಿಚಯಿಸಬೇಕಿಲ್ಲ. ದಮನ್‌ನಲ್ಲಿ ದೊಡ್ಡ ಹೋಟೆಲೊಂದು ಕ್ಯಾಸಿನೊ ತೆರೆಯುವ ಉದ್ದೇಶದಿಂದಲೇ ಎದ್ದರೂ ಪರವಾನಗಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಹಜೀರಾ ಈ ಚಿತ್ರದೊಳಕ್ಕೆ ಬರುವುದು ಸಮುದ್ರದ ದಾರಿಯಿಂದ. ಸೂರತ್ ನಗರದ ಪಶ್ಚಿಮಕ್ಕೆ, ತಾಪಿ ನದಿ ಖಂಭಾತ್ ಕೊಲ್ಲಿಯನ್ನು ಸೇರುವಲ್ಲಿ ಇರುವ ಈ ಊರು ಇಂದು ಉಕ್ಕು, ರಸಗೊಬ್ಬರ, ಅನಿಲ, ಭಾರೀ ಯಂತ್ರೋಪಕರಣಗಳ ನೆಲೆ. ಪಕ್ಕದ ಸುವಾಲಿ ತೀರದಲ್ಲಿ 1612ರಲ್ಲಿ ಇಂಗ್ಲಿಷರ ಹಡಗುಗಳು ಪೋರ್ಚುಗೀಸರನ್ನು ಸೋಲಿಸಿದ್ದವು. 2020ರ ನವೆಂಬರ್ 8ರಂದು ಹಜೀರಾ ಮತ್ತು ಭಾವನಗರದ ಘೋಘಾ ನಡುವೆ ವಾಹನಗಳನ್ನೂ ಹೊತ್ತೊಯ್ಯುವ ಹಡಗು ಶುರುವಾಯಿತು. 370 ಕಿಲೋಮೀಟರ್ ರಸ್ತೆಯ ದಾರಿ ಸಮುದ್ರದಲ್ಲಿ 90 ಕಿಲೋಮೀಟರಿಗೆ ಇಳಿಯಿತು. ಮರುವರ್ಷ ಮಾರ್ಚ್ 31ರಂದು ಕೇಂದ್ರ ಸಚಿವ ಮನ್‌ಸುಖ್ ಮಾಂಡವಿಯಾ ಹಜೀರಾ–ದೀವ್ ವಿಹಾರ ಹಡಗಿಗೆ ಚಾಲನೆ ಕೊಟ್ಟರು. ಮುನ್ನೂರು ಪ್ರಯಾಣಿಕರು, 16 ಕೋಣೆಗಳು, 13ರಿಂದ 14 ಗಂಟೆಯ ಪಯಣ, ಒಂದು ಕಡೆಗೆ ಆಗ 900 ರೂಪಾಯಿ ಮತ್ತು ತೆರಿಗೆ. ಸೌಲಭ್ಯಗಳ ಸರ್ಕಾರಿ ಪಟ್ಟಿಯಲ್ಲಿ ಮೊದಲಿಗೆ ಕಾಣುವುದು ‘ಗೇಮಿಂಗ್ ಲೌಂಜ್’. ಜೂಜನ್ನೂ ಮದ್ಯವನ್ನೂ ಒಲ್ಲದ ದಂಡೆಯಿಂದ ಹೊರಟು, ಎರಡಕ್ಕೂ ಬೇರೆ ಕಾನೂನಿರುವ ದಂಡೆಗೆ ಹೋಗುವ ಹಡಗು ಅದಾಗಿತ್ತು. ಕಥೆಗಾರನೊಬ್ಬ ತೇಲುವ ಜೂಜುಕಟ್ಟೆಯ ದರೋಡೆಯನ್ನು ಗುಜರಾತಿನಲ್ಲಿ ಇಟ್ಟು ಬರೆಯುವುದಾದರೆ ಇದಕ್ಕಿಂತ ತಕ್ಕ ಜಾಗ ಸಿಗದು. ಆದರೆ ನಿಜ ಜೀವನದ ವಂಚಕರು ಸಮುದ್ರಕ್ಕೆ ಇಳಿಯಲೇ ಇಲ್ಲ.

ನಿಷೇಧವಿದ್ದರೂ ಜೂಜು ಗುಜರಾತಿನ ಹಬ್ಬದ ಬದುಕಿನಲ್ಲಿ ಆಳವಾಗಿ ಬೇರುಬಿಟ್ಟಿದೆ. ಶ್ರಾವಣದಲ್ಲಿ, ಅದರಲ್ಲೂ ಜನ್ಮಾಷ್ಟಮಿಯ ಆಸುಪಾಸಿನ ದಿನಗಳಲ್ಲಿ, ಸೌರಾಷ್ಟ್ರದಿಂದ ಅಹಮದಾಬಾದಿನವರೆಗೆ ತೀನ್ ಪತ್ತಿ ಆಡುವುದು ವಾಡಿಕೆ. ‘ಶ್ರಾವಣಿಯೊ ಜುಗಾರ್’ ಎಂದೇ ಅದಕ್ಕೆ ಹೆಸರು, ಪೊಲೀಸ್ ದಾಳಿಗಳೂ ಆಗಲೇ ಹೆಚ್ಚು. ನಮ್ಮ ಮಂಡ್ಯ, ಮೈಸೂರು ಸೀಮೆಯ ಯುಗಾದಿ ಜೂಜಿನ ಸೋದರ ಅದು. ಮುಂಬಯಿಯ ವರ್ಲಿಯಲ್ಲಿ 1962ರಲ್ಲಿ ಮಟ್ಕಾ ಶುರುಮಾಡಿದ ಕಲ್ಯಾಣ್‌ಜಿ ಭಗತ್ ಕೂಡ ಕಚ್ಛದ ರತಾಡಿಯಾ ಗ್ರಾಮದವರು. ಅದಕ್ಕೆ ಮುಂಚೆ ಜನ ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದರು. ಆ ಓಪನ್ ಮತ್ತು ಕ್ಲೋಸ್ ಕರ್ನಾಟಕಕ್ಕೆ ಬಂದು ಓಸಿ ಆಯಿತು. ಬೀಡಾ ಅಂಗಡಿಯ ಮೂಲೆಯಲ್ಲಿ ಓಸಿ ಚೀಟಿ ಬರೆಸದ ತಾಲ್ಲೂಕು ಕೇಂದ್ರವನ್ನು ಹುಡುಕುವುದು ಒಂದು ಕಾಲದಲ್ಲಿ ಕಷ್ಟವಿತ್ತು.

ಮೋಲಿಪುರದ ಲೀಗ್

2022ರ ಮೇ 29ರಂದು ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆದು, ಮೊದಲ ಬಾರಿ ಆಡಿದ ಗುಜರಾತ್ ಟೈಟನ್ಸ್ ಕಪ್ ಗೆದ್ದಿತು. ಅದಾಗಿ ಸುಮಾರು ಮೂರು ವಾರಕ್ಕೆ, ಮೆಹಸಾಣಾ ಜಿಲ್ಲೆಯ ಮೋಲಿಪುರ ಗ್ರಾಮದ ಹೊಲವೊಂದರಲ್ಲಿ ಇನ್ನೊಂದು ಐಪಿಎಲ್ ಶುರುವಾಯಿತು. ಜುಲೈನಲ್ಲಿ ಪೊಲೀಸರು ಅದನ್ನು ಬಯಲಿಗೆಳೆದು ನಾಲ್ವರನ್ನು ಬಂಧಿಸಿದಾಗ ಹೊರಬಿದ್ದ ವಿವರಗಳು ಇವು.

ಯೋಜನೆ ಹೂಡಿದವನು ರಷ್ಯಾದಲ್ಲಿ ಎಂಟು ತಿಂಗಳು, ಬಾಜಿಗೆ ಹೆಸರಾದ ಪಬ್ ಒಂದರಲ್ಲಿ ದುಡಿದು ಊರಿಗೆ ಮರಳಿದವನು. ಕ್ರಿಕೆಟ್ ಬಗ್ಗೆ ಅಷ್ಟೇನೂ ತಿಳಿಯದೆ ಅದರ ಮೇಲೆ ಹಣ ಕಟ್ಟುವವರು ಅಲ್ಲಿದ್ದಾರೆಂಬುದು ಅವನಿಗೆ ಗೊತ್ತಿತ್ತು. ಹೊಲ ಬಾಡಿಗೆಗೆ ಹಿಡಿದು ಪಿಚ್ ಮಾಡಿಸಿದ, ಹ್ಯಾಲೊಜೆನ್ ದೀಪ ನಿಲ್ಲಿಸಿದ. ಕೂಲಿ ಕಾರ್ಮಿಕರು ಮತ್ತು ಕೆಲಸವಿಲ್ಲದ ಯುವಕರನ್ನು ಸೇರಿಸಿ 21 ಜನರನ್ನು ಆಟಗಾರರನ್ನಾಗಿ ಮಾಡಿದ. ಒಂದು ಪಂದ್ಯಕ್ಕೆ ತಲೆಗೆ 400 ರೂಪಾಯಿ. ಚೆನ್ನೈ ಸೂಪರ್ ಕಿಂಗ್ಸ್, ಮುಂಬಯಿ ಇಂಡಿಯನ್ಸ್, ಗುಜರಾತ್ ಟೈಟನ್ಸ್ ಅಂಗಿಗಳನ್ನು ಅವರೇ ಸರದಿಯಂತೆ ಬದಲಾಯಿಸಿ ತೊಟ್ಟರು. ಐದು ಕ್ಯಾಮೆರಾಗಳ ಮುಂದೆ ಆಟ ನಡೆದು, ಐಪಿಎಲ್ ಹೆಸರಿನ ಯೂಟ್ಯೂಬ್ ಚಾನೆಲಿನಲ್ಲಿ ಎರಡು ವಾರಕ್ಕೂ ಮಿಕ್ಕಿ ನೇರ ಪ್ರಸಾರವಾಯಿತು. ಪ್ರೇಕ್ಷಕರ ಕೂಗನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಿದ್ದರು. ವೀಕ್ಷಕ ವಿವರಣೆಗೆ ಮೀರತ್‌ನಿಂದ ಬಂದವನು ಹರ್ಷ ಭೋಗ್ಲೆಯವರ ದನಿಯನ್ನು ಅನುಕರಿಸಬಲ್ಲವನಾಗಿದ್ದ. ಸುದ್ದಿ ತಿಳಿದ ಭೋಗ್ಲೆ, ನಗು ತಡೆಯಲಾಗುತ್ತಿಲ್ಲ, ಆ ವಿವರಣೆಕಾರನನ್ನು ಕೇಳಲೇಬೇಕು ಎಂಬರ್ಥದಲ್ಲಿ ಬರೆದುಕೊಂಡರು.

ಮೋಸದ ಗುಂಡಿ ಇದ್ದದ್ದು ಅಂಪೈರ್ ಕೈಯಲ್ಲಿ. ಮಾಸ್ಕೊ, ತ್ವೇರ್, ವರೋನೆಷ್ ನಗರಗಳ ಬಾಜಿದಾರರು ಟೆಲಿಗ್ರಾಂ ಮೂಲಕ ಹಣ ಕಟ್ಟುತ್ತಿದ್ದರು. ಯಾವ ಕಡೆಗೆ ಎಷ್ಟು ಬಿದ್ದಿದೆಯೆಂದು ನೋಡಿ ಸಂಘಟಕ ವಾಕಿ ಟಾಕಿಯಲ್ಲಿ ಅಂಪೈರ್‌ಗೆ ಹೇಳುವನು. ಅಂಪೈರ್ ಆಟಗಾರರಿಗೆ ಹೇಳುವನು. ಬೌಲರ್ ನಿಧಾನವಾಗಿ ಚೆಂಡು ಹಾಕುವನು, ಬ್ಯಾಟುಗಾರ ಸಿಕ್ಸರ್ ಬಾರಿಸುವನು ಅಥವಾ ವಿಕೆಟ್ ಒಪ್ಪಿಸುವನು. ಕ್ಯಾಮೆರಾ ಇಡೀ ಮೈದಾನವನ್ನು ತೋರಿಸದೆ ಹತ್ತಿರದ ದೃಶ್ಯಗಳಲ್ಲೇ ಸುತ್ತಾಡುತ್ತಿತ್ತು. ಕಬಡ್ಡಿಯ ಕಣಕ್ಕೂ ಕಿರಿದಾದ ನೋಟದಲ್ಲಿ ಒಂದು ಮಹಾನಗರದ ಕ್ರೀಡಾಂಗಣವನ್ನು ನಂಬಿಸಿದ್ದು ಈ ತಂಡದ ನಿಜವಾದ ಕೈಚಳಕ. ಲೀಗ್ ಕ್ವಾರ್ಟರ್ ಫೈನಲ್ ಹಂತಕ್ಕೆ ಬಂದಿದ್ದಾಗ, ಹವಾಲಾ ದಾರಿಯಲ್ಲಿ ಮೂರು ಲಕ್ಷ ರೂಪಾಯಿಯಷ್ಟು ಮೊದಲ ಕಂತು ಕೈಸೇರಿದ್ದಾಗ, ಪೊಲೀಸರು ಬಂದರು.

‘ದಿ ಸ್ಟಿಂಗ್’ನ ನಕಲಿ ಅಂಗಡಿಗೂ ಮೋಲಿಪುರಕ್ಕೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ: ನಟರು, ನಕಲಿ ವಿವರಣೆ, ಮೊದಲೇ ತೀರ್ಮಾನವಾದ ಫಲಿತಾಂಶ. ವ್ಯತ್ಯಾಸ ಇರುವುದು ದುಡ್ಡಿನ ಅಳತೆಯಲ್ಲಿ. ಅಷ್ಟೊಂದು ಕಲ್ಪನೆ, ಶಿಸ್ತು, ಶ್ರಮಕ್ಕೆ ಸಿಕ್ಕಿದ್ದು ಮೂರು ಲಕ್ಷ. ಸುದ್ದಿ ಹರಡಿದಾಗ ಜಗತ್ತು ನಕ್ಕಿದ್ದಕ್ಕೆ ಈ ಅಸಮತೋಲವೂ ಒಂದು ಕಾರಣ. ಕಳೆದುಕೊಂಡವರು ಕ್ರಿಕೆಟ್ ಗೊತ್ತಿಲ್ಲದೆ ಬಾಜಿ ಕಟ್ಟಿದ ದೂರದವರು ಎಂಬುದು ಇನ್ನೊಂದು. ಆಡಿದ ಹುಡುಗರ ಪಾಲಿಗಂತೂ ಬೆಳಕಿನ ಕೆಳಗೆ ಅಂಗಿ ತೊಟ್ಟು ಕ್ರಿಕೆಟ್ ಆಡಿ 400 ರೂಪಾಯಿ ಮನೆಗೆ ತಂದ ಸಂಜೆಗಳು ಅವು. ಕಥೆಗಾರರು ಇವರ ಕಡೆ ನೋಡಬೇಕು.

ಮೋಲಿಪುರಕ್ಕೆ ಪೂರ್ವನಿದರ್ಶನವೂ ಇತ್ತು. 2020ರ ಜೂನ್ 29ರಂದು, ಕೊರೋನಾದಿಂದ ಕ್ರಿಕೆಟ್ ನಿಂತಿದ್ದ ಕಾಲದಲ್ಲಿ, ಶ್ರೀಲಂಕಾದ ಊವಾ ಟಿ20 ಲೀಗ್ ಎಂಬ ಹೆಸರಿನಲ್ಲಿ ಪ್ರಸಾರವಾದ ಪಂದ್ಯ ನಡೆದದ್ದು ಚಂಡೀಗಢದ ಹತ್ತಿರದ ಸವಾರಾ ಗ್ರಾಮದಲ್ಲಿ.

ನಗು ನಿಲ್ಲುವ ಕಡೆ

ಮೋಲಿಪುರದ ನಂತರ ಗುಜರಾತಿನಲ್ಲಿ ನಕಲಿ ಕಟ್ಟಡಗಳ ಸರಣಿಯೇ ಬೆಳಕಿಗೆ ಬಂತು. ಜೂಜಿಗೆ ಸಂಬಂಧವಿಲ್ಲದಿದ್ದರೂ ತಂತ್ರ ಒಂದೇ ಆದ್ದರಿಂದ ಇಲ್ಲಿ ಹೇಳಬೇಕು. 2023ರ ಡಿಸೆಂಬರಿನಲ್ಲಿ ಮೋರಬಿ ಜಿಲ್ಲೆಯ ವಾಂಕಾನೇರ್ ಬಳಿ, ಮುಚ್ಚಿದ ಸೆರಾಮಿಕ್ ಕಾರ್ಖಾನೆಯ ಜಾಗದ ಮೂಲಕ ವಾಹನಗಳನ್ನು ತಿರುಗಿಸಿ ಅರ್ಧ ಸುಂಕ ವಸೂಲಿ ಮಾಡುತ್ತಿದ್ದ ನಕಲಿ ಟೋಲ್ ಗೇಟ್ ಸಿಕ್ಕಿಬಿತ್ತು. ಅದು ನಡೆದದ್ದು ಸುಮಾರು ಒಂದೂವರೆ ವರ್ಷ. ಲಾರಿ ಚಾಲಕರಿಗೆ ಅದರಿಂದ ಉಳಿತಾಯವೇ ಆಗಿತ್ತು, ಜನ ನಕ್ಕರು.

ಅದೇ ವರ್ಷ ಅಕ್ಟೋಬರಿನಲ್ಲಿ ಪತ್ತೆಯಾದ ಬೋಡೇಲಿಯ ಪ್ರಕರಣಕ್ಕೆ ಹಾಗೆ ನಗಲಾಗದು. ಬೋಡೇಲಿ ಇರುವ, ವಡೋದರಾದಿಂದ 2013ರಲ್ಲಿ ಬೇರೆಯಾದ ಛೋಟಾ ಉದೇಪುರ ಆದಿವಾಸಿಗಳೇ ಹೆಚ್ಚಿರುವ ಜಿಲ್ಲೆ. ಅಲ್ಲಿ ನೀರಾವರಿ ಯೋಜನಾ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಎಂಬ ಹೆಸರಿನ ನಕಲಿ ಸರ್ಕಾರಿ ಕಚೇರಿಯೊಂದು 93 ಕಾಮಗಾರಿಗಳ ಹೆಸರಿನಲ್ಲಿ 4.15 ಕೋಟಿ ರೂಪಾಯಿ ಅನುದಾನ ಪಡೆದಿತ್ತು. ಮುದ್ರೆ, ಸಹಿ, ಕಡತ ಎಲ್ಲ ಸಾಚಾ ಕಚೇರಿಯಂತೆಯೇ. ತಂತ್ರದ ಚಾತುರ್ಯದಲ್ಲಿ ಇದು ಮೋಲಿಪುರಕ್ಕೆ ಕಡಿಮೆಯಿಲ್ಲ. ಹೋದದ್ದು ಮಾತ್ರ ಆದಿವಾಸಿಗಳ ಹೊಲಕ್ಕೆ ಬರಬೇಕಿದ್ದ ನೀರಿನ ದುಡ್ಡು. 2024ರ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ಬಯಲಾದ ನಕಲಿ ನ್ಯಾಯಮಂಡಳಿಯದೂ ಇದೇ ಬಗೆ: ಒಬ್ಬ ತಾನೇ ಮಧ್ಯಸ್ಥಿಕೆದಾರನೆಂದು ಹೇಳಿಕೊಂಡು, ನ್ಯಾಯಾಲಯದಂತೆ ಸಜ್ಜುಗೊಳಿಸಿದ ಕೋಣೆಯಲ್ಲಿ ಕುಳಿತು, ಸರ್ಕಾರಿ ಜಮೀನಿನ ಬಗ್ಗೆಯೂ ಆದೇಶ ಹೊರಡಿಸಿದ್ದ. ಅಪಹಾರವರ್ಮನ ಕಟ್ಟಳೆಗಳಲ್ಲಿ ಬುದ್ಧಿವಂತಿಕೆಯೊಂದು ಮಾತ್ರ ಇಲ್ಲಿ ಉಳಿದಿದೆ.

ಕರ್ನಾಟಕ ಮತ್ತು ಕಾನೂನಿನ ತೊಡಕು

ಕರ್ನಾಟಕದ್ದು ಇದರ ಮಗ್ಗುಲು ಬದಲಿಸಿದ ಪ್ರಕರಣ. ಮೋಲಿಪುರದಲ್ಲಿ ಲೀಗ್ ನಕಲಿ. ಇಲ್ಲಿ ಲೀಗ್ ಅಸಲಿ, ಆಟವೇ ನಕಲಿಯೆಂಬ ಆರೋಪ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನ 2019ರ ಪಂದ್ಯಗಳಲ್ಲಿ ಬುಕ್ಕಿಗಳ ಮಾತಿನಂತೆ ನಿಧಾನವಾಗಿ ಬ್ಯಾಟ್ ಮಾಡಿದರೆಂಬ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡವೊಂದರ ಮಾಲೀಕರನ್ನೂ ಹೆಸರಾಂತ ಆಟಗಾರರನ್ನೂ ಬಂಧಿಸಿದರು. ಟಿಕೆಟ್ ಕೊಂಡು ಮೈದಾನಕ್ಕೆ ಬಂದ, ಟಿವಿ ಮುಂದೆ ಕುಳಿತ ಕನ್ನಡಿಗ ಅಭಿಮಾನಿಗೆ ಆದ ನೋವು ಮೋಲಿಪುರದ ಸುದ್ದಿಯಿಂದ ಯಾರಿಗೂ ಆಗಲಿಲ್ಲ.

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಮೊಕದ್ದಮೆಯನ್ನು ರದ್ದುಪಡಿಸಿತು. ಪಂದ್ಯ ಮೊದಲೇ ಗೊತ್ತುಮಾಡಿಕೊಂಡರೆ ಅಭಿಮಾನಿಗಳಿಗೆ ಮೋಸವಾಯಿತೆಂಬ ಭಾವನೆ ಬರುವುದು ಸಹಜ. ಆದರೆ ಟಿಕೆಟನ್ನು ಅವರು ತಾವಾಗಿಯೇ ಕೊಂಡಿದ್ದಾರೆ, ಹಣ ಕೊಡುವಂತೆ ಯಾರೂ ಅವರನ್ನು ಪ್ರೇರೇಪಿಸಿಲ್ಲ, ಆದ್ದರಿಂದ ಭಾರತೀಯ ದಂಡ ಸಂಹಿತೆಯ 420ನೇ ಕಲಂ ಪ್ರಕಾರ ಅದು ವಂಚನೆಯಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂಬುದು ತೀರ್ಪಿನ ಸಾರ. ಕಾನೂನಿನ ಅಕ್ಷರಕ್ಕೆ ಅದು ಸರಿಯಿರಬಹುದು. ಸಂಸತ್ತು ಈ ಕೊರತೆಯನ್ನು ತುಂಬುವ ಪ್ರತ್ಯೇಕ ಕಾನೂನನ್ನು ಬಹಳ ಹಿಂದೆಯೇ ತರಬೇಕಿತ್ತು.

ಆನ್‌ಲೈನ್ ಜೂಜಿನ ಮೇಲೆ ಕಾನೂನು ಹೆಚ್ಚು ಚುರುಕಾಗಿ ನಡೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿತು. ಕೌಶಲದ ಆಟಗಳನ್ನೂ ಅದರಲ್ಲಿ ಸೇರಿಸಿದ್ದು ಸರಿಯಲ್ಲವೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣದ ಆಟಗಳನ್ನೆಲ್ಲ ದೇಶದಾದ್ಯಂತ ನಿಷೇಧಿಸಿತು. ಶಿಕ್ಷೆ ಆಟ ನಡೆಸುವವರಿಗೆ ಮತ್ತು ಜಾಹೀರಾತು ಕೊಡುವವರಿಗೆ, ಆಡುವವರಿಗಲ್ಲ. ಮಾಂಡವಿ ನದಿಯ ಹಡಗುಗಳಂಥ ನೆಲ, ಜಲದ ಕ್ಯಾಸಿನೊಗಳು ಈ ಕಾಯ್ದೆಗೆ ಹೊರಗು. ಅವು ಈಗಲೂ ಆಯಾ ರಾಜ್ಯಗಳ ಕಾನೂನಿಗೆ ಸೇರಿದವು. ಕರ್ನಾಟಕ ಪ್ರೀಮಿಯರ್ ಲೀಗ್ 2019ಕ್ಕೇ ನಿಂತಿತು. ಅದರ ಜಾಗದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ 2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿಯನ್ನು ಆರಂಭಿಸಿತು.